ಹಿಟ್ಟಿನ ಚೀಲದಲ್ಲಿ ಸುತ್ತಿ ತಂದ ಕೌದಿ

1891ರ ಸುಮಾರು. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರು. ಒಂದು ಮನೆಯ ಮುಂದೆ ಎತ್ತಿನ ಗಾಡಿ ಬಂದು ನಿಂತಿತು. ಅದರಲ್ಲಿ ಕೂತಿದ್ದ ಕಪ್ಪು ಹೆಂಗಸಿನ ಮಡಿಲಲ್ಲಿ ಒಂದು ಗಂಟು. ಹೊರಗೆ ಗೋಣಿಚೀಲ, ಒಳಗೆ ಒಗೆದ ಹಿಟ್ಟಿನ ಚೀಲ, ಅದರೊಳಗೆ ಮಡಿಸಿಟ್ಟ ಒಂದು ಕೌದಿ. ಆಕೆ ಹ್ಯಾರಿಯೆಟ್ ಪವರ್ಸ್. ಹುಟ್ಟಿದ್ದು 1837ರಲ್ಲಿ, ಗುಲಾಮಳಾಗಿ. ಆ ಮನೆಯಲ್ಲಿದ್ದವರು ಜೆನ್ನಿ ಸ್ಮಿತ್ ಎಂಬ ಬಿಳಿಯ ಚಿತ್ರಕಲಾ ಶಿಕ್ಷಕಿ. ಅವರು ಐದು ವರ್ಷ ಹಿಂದೆ, 1886ರ ಹತ್ತಿ ಜಾತ್ರೆಯಲ್ಲಿ, ಈ ಕೌದಿ ನೋಡಿ ಕೊಳ್ಳುತ್ತೇನೆ ಎಂದಿದ್ದರು. ಆಗ ಪವರ್ಸ್ ಸುತರಾಂ ಒಪ್ಪಿರಲಿಲ್ಲ. ಈಗ ಕೈಯಲ್ಲಿ ಕಾಸಿಲ್ಲ. ಹತ್ತು ಡಾಲರ್ ಕೇಳಿದರು. ನನ್ನ ಹತ್ತಿರ ಐದೇ ಇದೆ ಎಂದರು ಸ್ಮಿತ್. ಕಾಲ ಕೆಟ್ಟಿದೆ, ಬಂದಷ್ಟು ತಗೋ ಎಂದು ಗಂಡ ಹೇಳಿದ ಮೇಲೆ ಐದು ಡಾಲರಿಗೆ ಕೊಟ್ಟರು.

ಕೊಟ್ಟು ಸುಮ್ನೆ ಹೋಗಲಿಲ್ಲ. ಹೋಗುವ ಮುಂಚೆ ಒಂದೊಂದು ಚೌಕದಲ್ಲಿ ಏನಿದೆ ಅಂತ ಬಿಡಿಸಿ ಹೇಳಿದರು. ಆಮೇಲೂ ಎಷ್ಟೋ ಸಲ ಬಂದು ತಮ್ಮ ಕೌದಿಯನ್ನು ನೋಡಿಕೊಂಡು ಹೋದರಂತೆ. ಮದುವೆ ಮಾಡಿ ಕೊಟ್ಟ ಮಗಳನ್ನು ನೋಡಲು ಬಂದ ಹಾಗೆ. ಸ್ಮಿತ್ ಅದನ್ನೆಲ್ಲ ಬರೆದಿಟ್ಟುಕೊಂಡಿದ್ದರಿಂದ ಇವತ್ತು ನಮಗೆ ಗೊತ್ತು. ಆ ಕೌದಿ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಮ್ಯೂಸಿಯಂನಲ್ಲಿದೆ. ಅವರ ಇನ್ನೊಂದು ಕೌದಿ ಬೋಸ್ಟನ್‌ನ ಫೈನ್ ಆರ್ಟ್ಸ್ ಮ್ಯೂಸಿಯಂನಲ್ಲಿದೆ. ಉಳಿದಿರೋದು ಈ ಎರಡೇ.

ಕಪ್ಪು ಜನರ ಹೋರಾಟದ ಇತಿಹಾಸದಿಂದ ಹುಟ್ಟಿದ ಕಲೆ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಎತ್ತಿದ ಮುಷ್ಟಿ, ದೊಡ್ಡ ಅಕ್ಷರದ ಪೋಸ್ಟರ್, ಗೋಡೆ ತುಂಬ ಬರೆದ ಮುಖಗಳು. ಅದೂ ಇದೆ, ಇಲ್ಲ ಅನ್ನುತ್ತಿಲ್ಲ. ಆದರೆ ಅದು ಬೇಗ ಅರ್ಥವಾಗುವ ಭಾಗ. ಅರ್ಥ ಮಾಡಿಕೊಳ್ಳಲು ಕಷ್ಟವಾಗೋದು ಈ ಇನ್ನೊಂದು ಬಗೆ: ಹೊದಿಯುವ ಕೌದಿ ಹೇಗೆ ಪ್ರತಿರೋಧ ಆಗುತ್ತೆ? ಇವತ್ತಿನ ಕಲಾವಿದರು ಯಾಕೆ ಮತ್ತೆ ಮತ್ತೆ ಸೂಜಿ ದಾರಕ್ಕೇ ಬರುತ್ತಾರೆ?

ಮೊದಲು ಒಂದು ಮಾತು. ಅವರು ಕ್ವಿಲ್ಟ್ ಅನ್ನುವುದಕ್ಕೂ ನಮ್ಮ ಕೌದಿಗೂ ಸ್ವಲ್ಪ ವ್ಯತ್ಯಾಸ ಇದೆ. ಕ್ವಿಲ್ಟ್‌ಗೆ ಸಾಮಾನ್ಯವಾಗಿ ಮೂರು ಪದರ: ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿದ ಹೊದಿಕೆ, ನಡುವೆ ಹತ್ತಿ, ಕೆಳಗೆ ಇನ್ನೊಂದು ಬಟ್ಟೆ. ಮೂರನ್ನೂ ಹಿಡಿದು ಹೊಲಿಗೆ. ನಮ್ಮ ಕಡೆ ನಡುವೆ ಹತ್ತಿಯ ಬದಲು ಹಳೆ ಸೀರೆಗಳ ಪದರ. ಚಳಿ ತಡೆಯೋದು, ಹಳೆ ಬಟ್ಟೆ ಎಸೆಯದೆ ಇರೋದು, ಎರಡರ ಕೆಲಸವೂ ಇದೇ. ಹಾಗಾಗಿ ಇಲ್ಲಿ ಕೌದಿ ಅಂತಲೇ ಬರೆಯುತ್ತೇನೆ.

ಈಗ ಕಷ್ಟದ ಭಾಗಕ್ಕೆ ಬರೋಣ. ಇತಿಹಾಸದಿಂದ ಕಲೆ ಮಾಡಬೇಕು ಅಂದರೆ ಮೊದಲು ಇತಿಹಾಸ ಸಿಗಬೇಕು ಅಲ್ವಾ? ಗುಲಾಮರ ಬಗ್ಗೆ ಕಾಗದ ಪತ್ರ ಏನೂ ಕಮ್ಮಿಯಿಲ್ಲ. ಮಾರಾಟದ ರಸೀದಿ ಇದೆ. ಸತ್ತ ಯಜಮಾನನ ಆಸ್ತಿಪಟ್ಟಿಯಲ್ಲಿ ಕುದುರೆ, ನೇಗಿಲಿನ ಜೊತೆಗೇ ಮನುಷ್ಯರ ಹೆಸರು, ಎದುರಿಗೆ ಬೆಲೆ. ಓಡಿಹೋದವರನ್ನು ಹಿಡಿದು ಕೊಟ್ಟರೆ ಬಹುಮಾನ ಎನ್ನುವ ಪತ್ರಿಕೆ ಜಾಹೀರಾತು ಇದೆ. ಎಲ್ಲವೂ ಯಜಮಾನರು ಬರೆದದ್ದು. ಗುಲಾಮರೇ ಬರೆದದ್ದು ಕಮ್ಮಿ. ಯಾಕೆಂದರೆ ಬರೆಯಲು ಬಿಡಲಿಲ್ಲ. ಪವರ್ಸ್ ಹುಟ್ಟುವ ಎಂಟು ವರ್ಷ ಮೊದಲೇ, 1829ರಲ್ಲಿ, ಕಪ್ಪು ಜನರಿಗೆ ಓದು ಬರಹ ಕಲಿಸೋದು ಅಪರಾಧ ಅಂತ ಜಾರ್ಜಿಯಾ ಕಾನೂನು ಮಾಡಿತ್ತು. ಹೆನ್ರಿ ಬಿಬ್, ಫ್ರೆಡರಿಕ್ ಡಗ್ಲಸ್‌ ತರಹದವರು ತಪ್ಪಿಸಿಕೊಂಡು ಹೋಗಿ ಆತ್ಮಕಥೆ ಬರೆದರು. ಆದರೆ ಲಕ್ಷಾಂತರ ಜನ ಒಂದು ಸಾಲನ್ನೂ ಬಿಟ್ಟು ಹೋಗಲಿಲ್ಲ.

ಕಾಗದದಲ್ಲಿ ಇಲ್ಲದ್ದು ಬೇರೆಡೆ ಉಳಿಯಿತು. ಹಾಡಲ್ಲಿ, ಅಡುಗೆಯಲ್ಲಿ, ಮಡಕೆಯಲ್ಲಿ, ಬಟ್ಟೆಯಲ್ಲಿ. ಸೂಜಿ ಹಿಡಿಯೋದು ಕೆಲಸ. ಯಜಮಾನನಿಗೂ ಆ ಕೆಲಸ ಬೇಕಿತ್ತು. ಆದ್ದರಿಂದ ಅದಕ್ಕೆ ನಿಷೇಧ ಇರಲಿಲ್ಲ.

ಪವರ್ಸ್ ಹೊಲಿದ ಎರಡನೇ ಕೌದಿಯನ್ನು, ಅಂದರೆ ಬೋಸ್ಟನ್‌ನಲ್ಲಿರುವುದನ್ನು, ಹತ್ತಿರದಿಂದ ನೋಡೋಣ. ಅದು 1895ರಿಂದ 1898ರ ನಡುವಿನದು. ಒಟ್ಟು ಹದಿನೈದು ಚೌಕ. ಬಟ್ಟೆಯಲ್ಲಿ ಮನುಷ್ಯರು, ಪ್ರಾಣಿಗಳು, ಸೂರ್ಯ, ನಕ್ಷತ್ರಗಳ ಆಕಾರ ಕತ್ತರಿಸಿ ಇನ್ನೊಂದು ಬಟ್ಟೆ ಮೇಲೆ ಹೊಲಿದಿದ್ದಾರೆ. ಹೆಚ್ಚಿನ ಚೌಕಗಳಲ್ಲಿ ಬೈಬಲ್ ಕಥೆಗಳು: ತಿಮಿಂಗಿಲದ ಬಾಯಿಗೆ ಬೀಳುವ ಯೋನ, ಕಷ್ಟದಲ್ಲಿರುವ ಯೋಬ. ಆದರೆ ನಡುನಡುವೆ ಬೈಬಲ್‌ನಲ್ಲಿ ಇಲ್ಲದ್ದೂ ಬರುತ್ತೆ. ಒಂದು ಚೌಕದಲ್ಲಿ 1833ರ ನವೆಂಬರ್ 13ರ ರಾತ್ರಿ. ಅವತ್ತು ಅಮೆರಿಕದ ಆಕಾಶದಲ್ಲಿ ಉಲ್ಕೆಗಳ ಮಳೆಯೇ ಸುರಿದಿತ್ತು. ಲೋಕ ಮುಗಿಯಿತು ಅಂತ ಜನ ಹೆದರಿದ್ದರು. ಪವರ್ಸ್ ಇನ್ನೂ ಹುಟ್ಟಿರಲಿಲ್ಲ. ಹಿರಿಯರು ಹೇಳಿದ್ದನ್ನು ಕೇಳಿ ಅರವತ್ತು ವರ್ಷದ ಮೇಲೆ ಹೊಲಿದರು. ಇನ್ನೊಂದರಲ್ಲಿ 1780ರ ಕತ್ತಲ ಹಗಲು, ಅಂದರೆ ಹಗಲಲ್ಲೇ ಆಕಾಶ ಕಪ್ಪಾದ ದಿನ, ಮತ್ತೊಂದರಲ್ಲಿ 1895ರ ಫೆಬ್ರವರಿಯ ಕೊರೆಯುವ ಚಳಿ. ಬರೆಯಲು ಅವಕಾಶ ಸಿಗದ ಜನ ತಾರೀಖುಗಳನ್ನು ನೆನಪಿಟ್ಟುಕೊಂಡು ಬಂದ ಬಗೆ ಇದು.

ನನಗೆ ಇಷ್ಟವಾದದ್ದು ಹಂದಿ. ಬೆಟ್ಸ್ ಅಂತ ಅದರ ಹೆಸರು. ಜಾರ್ಜಿಯಾದಿಂದ ವರ್ಜೀನಿಯಾಕ್ಕೆ 500 ಮೈಲಿ ಓಡಿಹೋದ ಸ್ವತಂತ್ರ ಹಂದಿ ಅಂತ ಕೌದಿಯ ಜೊತೆಗಿದ್ದ ವಿವರಣೆ ಹೇಳುತ್ತೆ. ಅಷ್ಟೇ. ಅದಕ್ಕಿಂತ ಒಂದು ಮಾತು ಜಾಸ್ತಿ ಇಲ್ಲ. ಗುಲಾಮಳಾಗಿ ಹುಟ್ಟಿದ ಹೆಂಗಸು, ದಕ್ಷಿಣದಿಂದ ಉತ್ತರಕ್ಕೆ ಓಡಿದ ಒಂದು ಹಂದಿಯನ್ನು, ದೇವದೂತರ ಪಕ್ಕದಲ್ಲಿ, ಅದೂ ಹೆಸರು ಸಮೇತ ಯಾಕೆ ಹೊಲಿದಳು? ಅದು ನಿಜವಾಗಲೂ ಹಂದಿಯ ಕಥೆಯೇ ಇರಬಹುದು. ಇಲ್ಲದಿದ್ದರೂ ಇರಬಹುದು. ಅವರು ಬಾಯಿಬಿಟ್ಟಿಲ್ಲ. ಆ ಚೌಕದ ಶಕ್ತಿ ಇರೋದೇ ಅಲ್ಲಿ.

ಇನ್ನೊಂದು ವಿಷಯ. ಪವರ್ಸ್‌ಗೆ ಓದು ಬರಹ ಗೊತ್ತಿರಲಿಲ್ಲ ಅಂತಲೇ ನೂರು ವರ್ಷ ಎಲ್ಲರೂ ಬರೆದರು. ಕೌದಿಯನ್ನು ಹೊಗಳುವಾಗಲೂ, ಪಾಪ ಓದು ಬಾರದಿದ್ದರೂ ಎಂಥಾ ಪ್ರತಿಭೆ ಅನ್ನುವ ಧಾಟಿ. ಆಮೇಲೆ ಅವರ 1896ರ ಒಂದು ಪತ್ರದ ಪ್ರತಿ ಪತ್ತೆಯಾಯಿತು. ತಾನು ಚಿಕ್ಕವಳಿದ್ದಾಗಲೇ ಓದಲು ಕಲಿತೆ ಅಂತ ಅದರಲ್ಲಿದೆ. ಕಾನೂನು ಬೇಡ ಎಂದಿತ್ತು, ಹುಡುಗಿ ಕಲಿತಿದ್ದಳು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೌದಿಗಳ ಬಗ್ಗೆ ಹುಡುಕಿದರೆ ಎಲ್ಲಕ್ಕಿಂತ ಮೊದಲು ಸಿಗುವ ಕಥೆ ಬೇರೆ. ಗುಲಾಮರು ತಪ್ಪಿಸಿಕೊಂಡು ಹೋಗುವಾಗ ದಾರಿಯ ಮನೆಗಳಲ್ಲಿ ಬೇಲಿ ಮೇಲೆ ಕೌದಿ ಒಣಹಾಕಿರುತ್ತಿದ್ದರು, ಅದರ ವಿನ್ಯಾಸದಲ್ಲಿ ಗುಟ್ಟಿನ ಸಂಕೇತ ಇರುತ್ತಿತ್ತು, ಈ ಆಕಾರ ಇದ್ದರೆ ಹೊರಡು, ಆ ಆಕಾರ ಇದ್ದರೆ ಅಡಗಿಕೋ. 1999ರಲ್ಲಿ ಬಂದ ಒಂದು ಪುಸ್ತಕದಿಂದ ಈ ಕಥೆ ಮನೆಮಾತಾಯಿತು. ಶಾಲೆಗಳಲ್ಲಿ ಪಾಠವೂ ಆಯಿತು. ಕೇಳಲು ಚೆಂದ. ಆದರೆ ಇತಿಹಾಸಕಾರರಲ್ಲಿ ಹೆಚ್ಚಿನವರು ಒಪ್ಪಿಲ್ಲ. ತಪ್ಪಿಸಿಕೊಂಡು ಬಂದವರು ಬರೆದ ಆತ್ಮಕಥೆಗಳಲ್ಲಾಗಲಿ, ಆಮೇಲೆ 1930ರ ದಶಕದಲ್ಲಿ ಸರ್ಕಾರ ಬರೆಸಿಕೊಂಡ ಸಾವಿರಾರು ಮಾಜಿ ಗುಲಾಮರ ಮಾತುಗಳಲ್ಲಾಗಲಿ ಇಂಥ ಸಂಕೇತದ ಸುಳಿವಿಲ್ಲ. ಸಂಕೇತ ಎಂದು ಹೇಳುವ ಕೆಲವು ವಿನ್ಯಾಸಗಳಂತೂ ಗುಲಾಮಗಿರಿ ಮುಗಿದು ದಶಕಗಳಾದ ಮೇಲೆ ಬಳಕೆಗೆ ಬಂದವು. ನ್ಯೂಯಾರ್ಕ್‌ನಲ್ಲಿ ಡಗ್ಲಸ್ ಸ್ಮಾರಕ ಕಟ್ಟುವಾಗ ಈ ಸಂಕೇತದ ಕಥೆಯನ್ನು ಅಲ್ಲಿ ಸೇರಿಸಲು ಹೊರಟು, 2007ರಲ್ಲಿ ದೊಡ್ಡ ಜಗಳವೇ ಆಯಿತು.

ಸುಂದರ ಕಥೆಯಿಂದ ಏನು ನಷ್ಟ ಅಂತ ಕೇಳಬಹುದು. ನನ್ನ ಪ್ರಕಾರ ನಷ್ಟ ಇದೆ. ಕೌದಿಯಲ್ಲಿ ಗುಟ್ಟು ಇದ್ದರೆ ಮಾತ್ರ ಅದು ಪ್ರತಿರೋಧ, ಇಲ್ಲದಿದ್ದರೆ ಬರೀ ಹೊದಿಕೆ ಎಂದ ಹಾಗಾಗುತ್ತೆ. ನಿಜವಾಗಿ ನಡೆದದ್ದು ಅದಕ್ಕಿಂತ ದೊಡ್ಡದು.

ಅದಕ್ಕೆ ಅಲಬಾಮಾ ರಾಜ್ಯದ ಗೀಸ್ ಬೆಂಡ್ ನೋಡಬೇಕು. ಅಲಬಾಮಾ ನದಿ ಬಳಸಿ ಹರಿಯುವ ಜಾಗ. ಮೂರು ಕಡೆ ನೀರು. 1816ರಲ್ಲಿ ಜೋಸೆಫ್ ಗೀ ಎಂಬ ಬಿಳಿಯ ಇಲ್ಲಿ ಹತ್ತಿ ತೋಟ ಮಾಡಿದ. ಆಮೇಲೆ ತೋಟ ಪೆಟ್‌ವೇ ಎಂಬವನ ಕೈಗೆ ಹೋಯಿತು. ಗುಲಾಮರಿಗೆ ಯಜಮಾನನ ಹೆಸರೇ ಅಂಟಿಕೊಂಡಿತು. ಇವತ್ತಿಗೂ ಆ ಊರಲ್ಲಿ ಯಾರನ್ನು ಕೇಳಿದರೂ ಪೆಟ್‌ವೇಗಳೇ. ಗುಲಾಮಗಿರಿ ಹೋದ ಮೇಲೆ ಅವರು ಅಲ್ಲೇ ಗೇಣಿದಾರರಾದರು. ಚಳಿಗಾಲದಲ್ಲಿ ಹಲಗೆ ಮನೆಯ ಸಂದಿಯಲ್ಲಿ ಗಾಳಿ ನುಗ್ಗುತ್ತಿತ್ತು. ಹೆಂಗಸರು ಹರಿದ ಪ್ಯಾಂಟು, ಸವೆದ ಅಂಗಿ, ಗೊಬ್ಬರದ ಚೀಲ ಸೇರಿಸಿ ಕೌದಿ ಹೊಲಿದರು. ಅಂಗಡಿಯಿಂದ ಬಟ್ಟೆ ತರಲು ದುಡ್ಡೆಲ್ಲಿ?

1940ರ ದಶಕದ ಶುರುವಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆಯ ಗಂಡ ತೀರಿಕೊಂಡರು. ಆಕೆ ಗಂಡ ಹೊಲದಲ್ಲಿ ಹಾಕುತ್ತಿದ್ದ ಬಟ್ಟೆಗಳನ್ನೆಲ್ಲ ತೆಗೆದು ಬಿಚ್ಚಿ ಒಂದು ಕೌದಿ ಮಾಡಿದರು. ಮಗಳು ಜೊತೆಗೆ ಕೂತಳು. ಅವನನ್ನು ನೆನಪಿಟ್ಟುಕೊಳ್ಳಲು, ಪ್ರೀತಿಯಿಂದ ಹೊದ್ದು ಮಲಗಲು ಅಂತ ಅಮ್ಮ ಹೇಳಿದ್ದನ್ನು ಆ ಮಗಳು ವಯಸ್ಸಾದ ಮೇಲೂ ಹೇಳುತ್ತಿದ್ದರು. ಆ ಕೌದಿಯ ಚಿತ್ರ ನೋಡಿ. ಬಣ್ಣ ಮಾಸಿದ ಪಟ್ಟಿಗಳು, ಅಷ್ಟೇ. ಆದರೆ ಒಂದೊಂದು ಪಟ್ಟಿಯಲ್ಲೂ ಬಣ್ಣ ಒಂದೇ ಥರ ಇಲ್ಲ. ಬಿಸಿಲು ಬಿದ್ದ ಕಡೆ ಬಿಳಿಚಿಕೊಂಡಿದೆ. ತೇಪೆ ಇದ್ದ ಕಡೆ ಗಾಢವಾಗಿದೆ. ಒಬ್ಬ ಮನುಷ್ಯ ಜೀವನವಿಡೀ ಹೊಲದಲ್ಲಿ ಬಗ್ಗಿದ್ದು, ಮಂಡಿಯೂರಿದ್ದು ಆ ಬಟ್ಟೆಯ ಮೇಲೇ ಇದೆ. ಯಾವ ಆಸ್ತಿಪಟ್ಟಿಯೂ ಇದನ್ನು ಬರೆಯಲಿಲ್ಲ.

ಅದೇ ಊರಿನ ಜನ 1960ರ ದಶಕದಲ್ಲಿ ಮತ ಹಾಕುವ ಹಕ್ಕು ಕೇಳಿದರು. ಹೆಸರು ನೋಂದಾಯಿಸಬೇಕಾದ ಕಚೇರಿ ನದಿಯಾಚೆ ಕ್ಯಾಮ್ಡೆನ್‌ನಲ್ಲಿ. ಕಣ್ಣಿಗೆ ಕಾಣುವಷ್ಟು ಹತ್ತಿರ. 1962ರಲ್ಲಿ ದೋಣಿ ನಿಂತುಹೋಯಿತು. ರಸ್ತೆಯಲ್ಲಿ ಸುತ್ತಿ ಹೋದರೆ ಸುಮಾರು ಒಂದು ಗಂಟೆಯ ದಾರಿ, ಅದೂ ಕಾರಿದ್ದವರಿಗೆ. ದೋಣಿ ಮತ್ತೆ ಶುರುವಾಗಿದ್ದು 2006ರಲ್ಲಿ. ಹೌದು, 44 ವರ್ಷ. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇಲ್ಲಿಗೆ ಬಂದು ಮಾತಾಡಿದರು. ಹೆಸರು ನೋಂದಾಯಿಸಲು ಹೋದವರಲ್ಲಿ ಎಷ್ಟೋ ಜನ ಕೆಲಸ ಕಳೆದುಕೊಂಡರು, ಮನೆ ಬಿಡಬೇಕಾಯಿತು.

ಆಗ ಕೌದಿ ಅನ್ನ ಹಾಕಿತು. 1966ರಲ್ಲಿ ಸುತ್ತಲಿನ ಊರುಗಳ ಕಪ್ಪು ಹೆಂಗಸರು ಸೇರಿ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿದರು. ಕೌದಿಗಳು ನ್ಯೂಯಾರ್ಕ್‌ಗೆ ಹೋದವು. 1972ರಲ್ಲಿ ಸಿಯರ್ಸ್ ಅಂಗಡಿಯಿಂದ ಕಾರ್ಡುರಾಯ್ ಎಂಬ ಗೆರೆಗೆರೆಯ ದಪ್ಪ ಬಟ್ಟೆಯಲ್ಲಿ ದಿಂಬಿನ ಕವರ್ ಹೊಲಿಯುವ ಆರ್ಡರ್ ಬಂತು. ಉಳಿದ ತುಂಡುಗಳು ಊರಿನ ಮನೆಮನೆಗೆ ಬಂದವು. ಹಾಗಾಗಿ ಆ ವರ್ಷಗಳ ಕೌದಿಗಳಲ್ಲಿ ಇದ್ದಕ್ಕಿದ್ದ ಹಾಗೆ ಹಸಿರು, ಬಂಗಾರದ ಬಣ್ಣ, ಕಡು ಕೆಂಪು ಕಾರ್ಡುರಾಯ್ ಕಾಣಿಸುತ್ತೆ. ತಾರೀಖು ಬರೆಯದಿದ್ದರೂ ಬಟ್ಟೆ ನೋಡಿ ಕಾಲ ಹೇಳಬಹುದು.

2002ರಲ್ಲಿ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂ ಈ ಕೌದಿಗಳನ್ನು ಗೋಡೆಗೆ ನೇತುಹಾಕಿತು. ವಿಮರ್ಶಕರು ಬೆರಗಾದರು. 2006ರಲ್ಲಿ ಅಂಚೆ ಚೀಟಿಗಳೂ ಬಂದವು. ಆಮೇಲೆ ಕಾರ್ಪೆಟ್ಟು, ಬೆಡ್‌ಶೀಟು ಅಂತ ಎಲ್ಲದರ ಮೇಲೂ ಆ ವಿನ್ಯಾಸ. ಹೊಲಿದವರಿಗೆ ಎಷ್ಟು ಬಂತು ಅನ್ನುವ ಪ್ರಶ್ನೆ 2007ರಲ್ಲಿ ಕೋರ್ಟಿಗೂ ಹೋಗಿ ರಾಜಿಯಲ್ಲಿ ಮುಗಿಯಿತು. ಐದು ಡಾಲರಿನ ಕಥೆ ಅಲ್ಲಿಗೇ ನಿಂತಿರಲಿಲ್ಲ.

ಇಷ್ಟು ಗೊತ್ತಾದ ಮೇಲೆ ಇವತ್ತಿನ ಕಲಾವಿದರ ಕೆಲಸ ಅರ್ಥವಾಗೋದು ಸುಲಭ.

ಫೇತ್ ರಿಂಗ್‌ಗೋಲ್ಡ್ 1930ರಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಹುಟ್ಟಿದವರು. ಶುರುವಲ್ಲಿ ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದಲ್ಲಿ ಜನಾಂಗೀಯ ಗಲಭೆಯ ದೊಡ್ಡ ಚಿತ್ರ ಬರೆದರು. ಮ್ಯೂಸಿಯಂಗಳು ಕಪ್ಪು ಕಲಾವಿದರನ್ನು, ಹೆಂಗಸರನ್ನು ಒಳಗೆ ಬಿಡುತ್ತಿಲ್ಲ ಅಂತ ಬಾಗಿಲಲ್ಲಿ ನಿಂತು ಪ್ರತಿಭಟಿಸಿದರು. 1972ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮ್ಯೂಸಿಯಂ ಒಂದರಲ್ಲಿ ಟಿಬೆಟಿನ ಥಂಕಾ ಎಂಬ ಬೌದ್ಧ ಚಿತ್ರಗಳನ್ನು ನೋಡಿದರು. ಚಿತ್ರದ ಸುತ್ತ ಮರದ ಚೌಕಟ್ಟಿನ ಬದಲು ಬಟ್ಟೆ. ಸುತ್ತಿಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಬಾಗಿಲು ತೆರೆಯದ ಗ್ಯಾಲರಿಯನ್ನು ಕಾಯುತ್ತಾ ಕೂರಬೇಕಿಲ್ಲ! ಅವರ ತಾಯಿ ವಿಲಿ ಪೋಸಿ ಬಟ್ಟೆ ವಿನ್ಯಾಸ ಮಾಡುವವರು. ತಾಯಿಯ ಅಜ್ಜಿಯ ತಾಯಿ ಗುಲಾಮರಾಗಿದ್ದು ಯಜಮಾನರಿಗೆ ಕೌದಿ ಹೊಲಿದವರು. 1980ರಲ್ಲಿ ತಾಯಿ ಮಗಳು ಸೇರಿ ಮೊದಲ ಕೌದಿ ಮಾಡಿದರು. ಮರುವರ್ಷ ತಾಯಿ ತೀರಿಕೊಂಡರು.

ರಿಂಗ್‌ಗೋಲ್ಡ್ ಆತ್ಮಕಥೆ ಬರೆದು ಪ್ರಕಾಶಕರಿಗೆ ಕಳಿಸಿದರೆ ಯಾರೂ ಅಚ್ಚು ಹಾಕಲಿಲ್ಲ. ಸರಿ, ಕೌದಿ ಮೇಲೇ ಬರೆಯುತ್ತೇನೆ ಅಂದುಕೊಂಡರು. 1983ರಲ್ಲಿ ಮೊದಲ ಕಥೆ ಕೌದಿ ಬಂತು. ಅದರ ನಾಯಕಿ ಆಂಟ್ ಜೆಮಿಮಾ, ಅಂದರೆ ಪ್ಯಾನ್‌ಕೇಕ್ ಹಿಟ್ಟಿನ ಪೊಟ್ಟಣದ ಮೇಲೆ ನಗುತ್ತಾ ಇದ್ದ ತಲೆಗೆ ಬಟ್ಟೆ ಕಟ್ಟಿದ ಕಪ್ಪು ಅಡುಗೆಯವಳು. ಯಾವಾಗಲೂ ಬಿಳಿಯರ ಅಡುಗೆಮನೆಯಲ್ಲಿ ಖುಷಿಯಾಗಿ ಇರುವವಳು. ರಿಂಗ್‌ಗೋಲ್ಡ್ ಅವಳಿಗೆ ಗಂಡ, ಮಕ್ಕಳು, ಸ್ವಂತ ವ್ಯಾಪಾರ, ಒಂದು ಪೂರ್ತಿ ಸಂಸಾರ ಕೊಟ್ಟರು. ಚಿತ್ರದ ಚೌಕ, ಬರಹದ ಚೌಕ, ನಡುವೆ ತುಂಡು ಬಟ್ಟೆ. ಹಿಂದೆ ಓದಲು ಅವಕಾಶ ಸಿಗದವರ ಮರಿಮಕ್ಕಳು ಈಗ ಕೌದಿಯನ್ನೇ ಪುಟ ಮಾಡಿಕೊಂಡಿದ್ದರು. ರಿಂಗ್‌ಗೋಲ್ಡ್ 2024ರಲ್ಲಿ ತೀರಿಕೊಂಡರು.

ಬೀಸಾ ಬಟ್ಲರ್ ಮಾಡೋದು ಇನ್ನೊಂದು ಥರ. ಅವರು ಹಳೆಯ ಕಪ್ಪು ಬಿಳುಪು ಫೋಟೊ ತಗೊಂಡು ಆಳೆತ್ತರದ ಕೌದಿ ಮಾಡುತ್ತಾರೆ. ಬಳಿಯುವ ಬಣ್ಣ ಇಲ್ಲವೇ ಇಲ್ಲ, ಬರೀ ಬಟ್ಟೆ. ಚರ್ಮ ಕಂದು ಇರಬೇಕು ಅನ್ನುವ ನಿಯಮವೂ ಇಲ್ಲ. ನೇರಳೆ ಕೆನ್ನೆ, ಕಿತ್ತಳೆ ಹಣೆ, ನೀಲಿ ಕೈ. ಬಟ್ಲರ್ ತಂದೆ ಘಾನಾದವರು, ಅಲ್ಲಿನ ಕೆಂಟೆ ಬಟ್ಟೆ, ಪಶ್ಚಿಮ ಆಫ್ರಿಕದ ಅಚ್ಚಿನ ಬಟ್ಟೆಗಳೇ ಇಲ್ಲಿ ಕೋಟು, ಟೋಪಿ ಆಗುತ್ತವೆ. ಮೊದಲ ಮಹಾಯುದ್ಧದ 369ನೇ ಕಾಲಾಳು ದಳದ ಒಂಬತ್ತು ಕಪ್ಪು ಸೈನಿಕರ ಫೋಟೊ ಒಂದಿದೆ. ಅಮೆರಿಕದ ಸೇನೆ ಬಿಳಿಯರ ಜೊತೆ ಕಾದಾಡಲು ಬಿಡದೆ ಇವರನ್ನು ಫ್ರೆಂಚರ ಕೈಗೆ ಒಪ್ಪಿಸಿತ್ತು. 191 ದಿನ ಮುಂಚೂಣಿಯಲ್ಲಿದ್ದು, ಫ್ರಾನ್ಸಿನ ಪದಕ ಧರಿಸಿ ವಾಪಸ್ ಬಂದವರು. 2021ರಲ್ಲಿ ಬಟ್ಲರ್ ಆ ಒಂಬತ್ತೂ ಜನರನ್ನು ಬಟ್ಟೆಯಲ್ಲಿ ಎಬ್ಬಿಸಿ ನಿಲ್ಲಿಸಿದರು. ಫೋಟೊದಲ್ಲಿ ಅವರು ಬೂದು ಬಣ್ಣದ ಗುಂಪು. ಕೌದಿಯಲ್ಲಿ ಒಬ್ಬೊಬ್ಬನೂ ನಿಮ್ಮನ್ನೇ ದಿಟ್ಟಿಸುತ್ತಾನೆ.

ಸೋನ್ಯಾ ಕ್ಲಾರ್ಕ್ ಹೊಲಿಯುವುದಕ್ಕಿಂತ ಬಿಚ್ಚೋದೇ ಜಾಸ್ತಿ. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಒಕ್ಕೂಟದ ಬಾವುಟ ಇದೆಯಲ್ಲ, ಕೆಂಪಿನ ಮೇಲೆ ನೀಲಿ ಅಡ್ಡಪಟ್ಟಿ, ನಕ್ಷತ್ರ? 2015ರಲ್ಲಿ, ಯುದ್ಧ ಮುಗಿದು 150 ವರ್ಷವಾದಾಗ, ಆ ಬಾವುಟವನ್ನು ಗೋಡೆಗೆ ತೂಗಿ, ಬಂದವರನ್ನು ಒಬ್ಬೊಬ್ಬರನ್ನೇ ಪಕ್ಕಕ್ಕೆ ನಿಲ್ಲಿಸಿಕೊಂಡು, ಎಳೆ ಎಳೆಯಾಗಿ ಬಿಚ್ಚತೊಡಗಿದರು. ಸುಟ್ಟರೆ ಒಂದು ನಿಮಿಷ. ಬಿಚ್ಚಲು ಹೋದರೆ ಬಾವುಟ ಎಷ್ಟು ಗಟ್ಟಿಯಾಗಿ ನೇಯ್ದಿದ್ದಾರೆ ಅಂತ ಬೆರಳಿಗೆ ಗೊತ್ತಾಗುತ್ತೆ. ಎಷ್ಟೋ ಜನ, ಎಷ್ಟೋ ಹೊತ್ತು ಎಳೆದರೂ ಬರುವುದು ಅಂಚಿನ ಒಂದಿಷ್ಟು ದಾರ. ಪೂರ್ತಿ ಬಿಚ್ಚಿದ ಇನ್ನೊಂದು ಬಾವುಟವನ್ನು ಅವರು ಮೂರು ಗುಡ್ಡೆ ದಾರವಾಗಿ ಇಟ್ಟಿದ್ದರು: ಕೆಂಪು, ಬಿಳಿ, ನೀಲಿ. ಅಮೆರಿಕದ ಬಾವುಟಕ್ಕೂ ಅವೇ ಬಣ್ಣ.

ಅದೇ ಕ್ಲಾರ್ಕ್ 2019ರಲ್ಲಿ ಇನ್ನೊಂದು ಬಾವುಟ ನೇಯ್ದರು. 1865ರ ಏಪ್ರಿಲ್ 9ರಂದು ವರ್ಜೀನಿಯಾದ ಅಪೊಮ್ಯಾಟಕ್ಸ್‌ನಲ್ಲಿ ದಕ್ಷಿಣದ ಸೇನೆ ಶರಣಾದಾಗ ಎತ್ತಿ ತೋರಿಸಿದ್ದು ಪಾತ್ರೆ ಒರೆಸುವ ಒಂದು ಬಿಳಿ ಟವೆಲ್. ಅಂಚಲ್ಲಿ ತೆಳು ಕೆಂಪು ಗೆರೆಗಳು. ಅದರ ತುಂಡು ಈಗಲೂ ಮ್ಯೂಸಿಯಂನಲ್ಲಿದೆ. ಸೋತವರ ಯುದ್ಧದ ಬಾವುಟ ಟೀ ಶರ್ಟ್, ಟ್ರಕ್ಕು, ಮಗ್ಗು ಎಲ್ಲದರ ಮೇಲೂ ಇದೆ. ಶರಣಾದ ಬಾವುಟ ಯಾರಿಗೂ ಗುರುತಿಲ್ಲ. ಕ್ಲಾರ್ಕ್ ಅದನ್ನು 15 ಅಡಿ ಅಗಲ, 30 ಅಡಿ ಉದ್ದಕ್ಕೆ ನೇಯಿಸಿ ಫಿಲಡೆಲ್ಫಿಯಾದಲ್ಲಿ ಹಾಸಿದರು. ಘೋಷಣೆ ಇಲ್ಲ. ಯಾವ ಬಟ್ಟೆಯನ್ನು ನಾವು ನೆನಪಿಟ್ಟುಕೊಂಡೆವು, ಯಾವುದನ್ನು ಮರೆತೆವು ಅನ್ನೋದಷ್ಟೇ.

ಇವರೆಲ್ಲರೂ ಹಳೆಯ ವೀರರ ಚಿತ್ರ ಬರೆದು ಸುಮ್ಮನಾಗುವವರಲ್ಲ. ಉಳಿದಿರುವ ಒಂದು ವಸ್ತು ಹಿಡಿಯುತ್ತಾರೆ: ಅಂಗಿ, ಫೋಟೊ, ಟವೆಲ್. ಅದನ್ನು ಯಾರು ಮುಟ್ಟಿದ್ದರು, ಯಾರ ಕೈ ಸವೆದಿತ್ತು ಅಂತ ಕೇಳುತ್ತಾರೆ. ಈ ದಾರಿಯಲ್ಲಿ ಏನಾದರೂ ಮಾಡಬೇಕು ಅನ್ನುವ ನಮ್ಮ ಹುಡುಗ ಹುಡುಗಿಯರಿಗೂ ಮುಷ್ಟಿಯ ಚಿತ್ರ ಡೌನ್‌ಲೋಡ್ ಮಾಡುವ ಮೊದಲು ಈ ಪ್ರಶ್ನೆ ಉಪಯೋಗಕ್ಕೆ ಬರಬಹುದು.

ಈ ಕಥೆಯ ಒಂದು ಎಳೆ ಉತ್ತರ ಕನ್ನಡಕ್ಕೂ ಬರುತ್ತೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಹೆಣ್ಣುಮಕ್ಕಳು ಹಳೆ ಬಟ್ಟೆಯಲ್ಲಿ ಕವಂದಿ ಹೊಲಿಯುತ್ತಾರೆ. ಇದು ಅಮೆರಿಕದ ಕೌದಿಯ ತಂಗಿ ಅಂತ ಹೇಳಲು ಹೋಗಬಾರದು. ಉತ್ತರ ಕರ್ನಾಟಕದ ತುಂಬ ಕೌದಿ ಇದೆ. ಯಾರಿಂದ ಯಾರು ಕಲಿತರು ಅಂತ ಗೆರೆ ಎಳೆಯೋದು ಸುಲಭವಲ್ಲ. ಆದರೆ ಕವಂದಿಗೆ ಅದರದ್ದೇ ಕ್ರಮ ಇದೆ. ಕೆಳಗೆ ಒಂದು ಸೀರೆ ಹಾಸಿ ಅಂಚಿನಿಂದ ಶುರು. ಒಂದೊಂದೇ ತುಂಡು ಸೇರಿಸುತ್ತಾ, ಸುತ್ತು ಬರುತ್ತಾ, ಸಾಲುಸಾಲಾಗಿ ಹೊಲಿಗೆ ಹಾಕುತ್ತಾ ಕೊನೆಗೆ ನಡುವಿಗೆ ತಲುಪೋದು. ಮೊದಲೇ ಬರೆದುಕೊಂಡ ನಕ್ಷೆ ಇಲ್ಲ.

2011ರಲ್ಲಿ ಈ ಕವಂದಿಗಳು ಹಾರ್ಲೆಮ್‌ಗೆ ಹೋದವು. ರಿಂಗ್‌ಗೋಲ್ಡ್ ಹುಟ್ಟಿ ಬೆಳೆದ ಅದೇ ಹಾರ್ಲೆಮ್. ಅಲ್ಲಿನ ಶೋಂಬರ್ಗ್ ಕೇಂದ್ರ ಕಪ್ಪು ಜನರ ಇತಿಹಾಸದ ದೊಡ್ಡ ಗ್ರಂಥಾಲಯ. ಅದರ ಗೋಡೆ ಮೇಲೆ ಯಲ್ಲಾಪುರದ ಕಡೆಯ ಹಳೆ ಸೀರೆ, ಲಂಗ, ಅಂಗಿಗಳ ತುಂಡು ತೂಗಿದವು. ನಾಲ್ಕು ಮೂಲೆಯಲ್ಲೂ ಬಟ್ಟೆಯನ್ನು ಮಡಿಸಿ ಮಡಿಸಿ ಕೂರಿಸಿದ ಚಿಕ್ಕ ತ್ರಿಕೋನಗಳು. ಅದಕ್ಕೆ ಫುಲ ಅಂತಾರೆ, ಅಂದರೆ ಹೂವು. ಚಳಿ ತಡೆಯಲು ಅದರ ಅಗತ್ಯವೇ ಇಲ್ಲ. ಆದರೂ ಯಾವ ಕವಂದಿಯನ್ನೂ ಅದಿಲ್ಲದೆ ಮುಗಿಸುವುದಿಲ್ಲ. ಫುಲ ಇಲ್ಲದಿದ್ದರೆ ಕವಂದಿ ಬೆತ್ತಲೆ ಇದ್ದ ಹಾಗೆ ಅಂತಾರೆ ಹೊಲಿಯುವವರು.